ಹೋಗುವಾಗ ಎಂಟು ಗಂಟೆ, ಬರುವಾಗ ಹತ್ತು

ಚಿತ್ರದುರ್ಗದಿಂದ ಹೊಳಲ್ಕೆರೆಗೆ ಎಷ್ಟು ದೂರವೋ ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೂ ಅಷ್ಟೇ ದೂರ. ಇದನ್ನು ಹೇಳುವುದಕ್ಕೆ ಭೌತಶಾಸ್ತ್ರದ ಅಧ್ಯಾಪಕರೇನೂ ಬೇಕಾಗಿಲ್ಲ. ಬಸ್ಸು ಹೋಗುವಾಗ ಒಂದು ಗಂಟೆ ತೆಗೆದುಕೊಂಡರೆ ಬರುವಾಗಲೂ ಹೆಚ್ಚುಕಡಮೆ ಅಷ್ಟನ್ನೇ ತೆಗೆದುಕೊಳ್ಳುತ್ತದೆ. ಐದು ಹತ್ತು ನಿಮಿಷಗಳ ವ್ಯತ್ಯಾಸ ಬಿದ್ದರೆ ಅದಕ್ಕೆ ದಾರಿಗಡ್ಡವಾದ ಕುರಿಮಂದೆಯೋ, ಡ್ರೈವರು ಚಹಾ ಕುಡಿಯಲು ನಿಂತದ್ದೋ ಕಾರಣವಾಗಿರುತ್ತದೆಯೇ ಹೊರತು ಹೋದ ದಿಕ್ಕು ಕಾರಣವಲ್ಲ.

ವಿಮಾನದ ಸಂಗತಿ ಹೀಗಲ್ಲ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ಜಪಾನಿನ ಟೋಕಿಯೊ ನಗರದ ನರಿತಾ ನಿಲ್ದಾಣಕ್ಕೆ ನಡುವೆ ಎಲ್ಲಿಯೂ ಇಳಿಯದೆ ಹಾರುವ ವಿಮಾನವುಂಟು. ಋತುವಿಗೆ ಅನುಸಾರವಾಗಿ ಸ್ವಲ್ಪ ಏರುಪೇರಾದರೂ, ಹೋಗುವುದಕ್ಕೆ ಸುಮಾರು ಎಂಟು ಗಂಟೆ ಹಿಡಿಯುತ್ತದೆ. ಹಿಂದಿರುಗುವುದಕ್ಕೆ ಒಂಬತ್ತೂವರೆಯಿಂದ ಹತ್ತು ಗಂಟೆ. ಅದೇ ಬಗೆಯ ವಿಮಾನ, ಅದೇ ಎಂಜಿನು, ಅದೇ ಎರಡು ಊರು. ಹಾಗಿದ್ದೂ ಎರಡು ಗಂಟೆಗಳ ಸಮೀಪದ ಈ ವ್ಯತ್ಯಾಸ ಎಲ್ಲಿಂದ ಬಂದಿತು?

ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಒಂದು ಎಚ್ಚರಿಕೆ ಅಗತ್ಯ. ವಿಮಾನದ ವೇಳಾಪಟ್ಟಿಯನ್ನು ಕೈಯಲ್ಲಿ ಹಿಡಿದ ವಿದ್ಯಾರ್ಥಿಗೆ ನಾವು ಮೇಲೆ ಹೇಳಿದ್ದು ತಲೆಕೆಳಗಾಗಿ ಕಂಡೀತು. ಬೆಂಗಳೂರನ್ನು ಬೆಳಗಿನ ಜಾವ ೨ ಗಂಟೆಗೆ ಬಿಟ್ಟ ವಿಮಾನ ಎಂಟು ಗಂಟೆ ಹಾರಿ ಟೋಕಿಯೊ ಸೇರಿದಾಗ ಅಲ್ಲಿನ ಗಡಿಯಾರ ಮಧ್ಯಾಹ್ನ ೧-೩೦ನ್ನು ತೋರಿಸುತ್ತದೆ. ಅಲ್ಲಿಂದ ಸಂಜೆ ೬ ಗಂಟೆಗೆ ಹೊರಟ ವಿಮಾನ ಒಂಬತ್ತು ಮುಕ್ಕಾಲು ಗಂಟೆ ಹಾರಿ ಬೆಂಗಳೂರಿಗೆ ಬಂದಾಗ ನಮ್ಮ ಗಡಿಯಾರದಲ್ಲಿ ರಾತ್ರಿ ೧೨-೧೫. ಬರಿಯ ಗಡಿಯಾರವನ್ನು ನಂಬಿದರೆ ಹೋಗಲು ಹನ್ನೊಂದೂವರೆ ಗಂಟೆ, ಬರಲು ಆರೂ ಕಾಲು ಗಂಟೆ! ಇದಕ್ಕೆ ಕಾರಣ ಎಲ್ಲರಿಗೂ ತಿಳಿದದ್ದೇ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ನಮ್ಮ ದೇಶದ ಕಾಲವನ್ನು ೮೨½ ಡಿಗ್ರಿ ಪೂರ್ವ ರೇಖಾಂಶಕ್ಕೂ ಜಪಾನಿನ ಕಾಲವನ್ನು ೧೩೫ ಡಿಗ್ರಿ ರೇಖಾಂಶಕ್ಕೂ ಹೊಂದಿಸಿದ್ದಾರೆ. ೫೨½ ಡಿಗ್ರಿಗಳ ಅಂತರವೆಂದರೆ ೨೧೦ ನಿಮಿಷ, ಅಂದರೆ ಮೂರೂವರೆ ಗಂಟೆ. (ಚಿತ್ರದುರ್ಗ ಇರುವುದು ಸುಮಾರು ೭೬.೪ ಡಿಗ್ರಿಯಲ್ಲಿ. ಆದುದರಿಂದ ನಮ್ಮ ಊರಿನಲ್ಲಿ ಸೂರ್ಯ ನೆತ್ತಿಯ ರೇಖೆಗೆ ಬರುವುದು ಸರಾಸರಿ ಹನ್ನೆರಡು ಗಂಟೆ ಇಪ್ಪತ್ತನಾಲ್ಕು ನಿಮಿಷಕ್ಕೆ. ಕೋಟೆಯ ನೆರಳಿಗೆ ಕೈಗಡಿಯಾರದ ಹಂಗಿಲ್ಲ.)

ಗಡಿಯಾರದ ಈ ಆಟವೇ ಒಂದು ಹಳೆಯ ತಪ್ಪು ಕಲ್ಪನೆಗೆ ಕುಮ್ಮಕ್ಕು ಕೊಡುತ್ತದೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆ. ಚಿತ್ರದುರ್ಗದ ಅಕ್ಷಾಂಶದಲ್ಲಿ ನೆಲದ ವೇಗ ಗಂಟೆಗೆ ಸುಮಾರು ೧,೬೨೦ ಕಿಲೋಮೀಟರು. ಹಾಗಾದರೆ ಪೂರ್ವಕ್ಕೆ ಹಾರುವ ವಿಮಾನದಿಂದ ಟೋಕಿಯೊ ದೂರ ದೂರ ಓಡುತ್ತಿರಬೇಕು. ಪಶ್ಚಿಮಕ್ಕೆ ಹಾರುವಾಗ ಬೆಂಗಳೂರು ತಾನೇ ಎದುರು ಬಂದು ಸಿಕ್ಕಬೇಕು. ಇನ್ನೂ ಮುಂದೆ ಹೋಗಿ, ಹಾರುವ ತೊಂದರೆಯಾದರೂ ಏಕೆ, ಹೆಲಿಕಾಪ್ಟರಿನಲ್ಲಿ ನೇರಕ್ಕೆ ಮೇಲೆದ್ದು ಸುಮ್ಮನೆ ನಿಂತರೆ ಸಾಲದೆ ಎಂದು ಕೇಳುವ ಚುರುಕು ಹುಡುಗರು ಪ್ರತಿ ವರ್ಷವೂ ತರಗತಿಯಲ್ಲಿ ಒಬ್ಬರಾದರೂ ಇರುತ್ತಾರೆ. ಹಿರಿಯೂರಿನಲ್ಲಿ ಮೇಲೆದ್ದು ಎರಡು ನಿಮಿಷ ನಿಂತರೆ ಕೆಳಗೆ ಹೊಳಲ್ಕೆರೆಯ ಸೀಮೆ ಬಂದಿರಬೇಕು, ಅಲ್ಲವೆ?

ಈ ವಾದದ ಲೋಪವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ; ಜೋಗಿಮಟ್ಟಿಯ ಕಡೆ ನೋಡಿದರೆ ಸಾಕು. ಆ ಬೆಟ್ಟದ ಸಾಲಿನ ಮೇಲೂ, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳ ಗುಡ್ಡಗಳ ಮೇಲೂ ವಿದ್ಯುತ್ತನ್ನು ಉತ್ಪಾದಿಸುವ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ. ನೆಲ ಮಾತ್ರ ತಿರುಗಿ ಗಾಳಿ ಹಿಂದೆ ಉಳಿಯುವುದಾಗಿದ್ದರೆ, ಆ ಯಂತ್ರಗಳಿಗೆ ಹಗಲಿರುಳೂ ಮೂಡಣ ದಿಕ್ಕಿನಿಂದ ಗಂಟೆಗೆ ೧,೬೨೦ ಕಿಲೋಮೀಟರು ವೇಗದ ಗಾಳಿ ಬಡಿಯುತ್ತಿರಬೇಕಿತ್ತು. ಗಾಳಿ ಗಂಟೆಗೆ ೯೦ ಕಿಲೋಮೀಟರಿನ ಆಸುಪಾಸಿಗೆ ಬಂದರೆ ಇಂತಹ ಯಂತ್ರಗಳನ್ನು ಸಾಮಾನ್ಯವಾಗಿ ನಿಲ್ಲಿಸಿಬಿಡುತ್ತಾರೆ. ಅದರ ಹದಿನೆಂಟರಷ್ಟು ವೇಗದಲ್ಲಿ ಯಂತ್ರವಿರಲಿ, ಮದಕರಿನಾಯಕನ ಕೋಟೆಯೂ ಉಳಿಯುತ್ತಿರಲಿಲ್ಲ. ನೆಲ ತಿರುಗುವಾಗ ವಾಯುಮಂಡಲವೂ ಅದರೊಡನೆ ತಿರುಗುತ್ತದೆ. ಮೇಲೆದ್ದ ಹೆಲಿಕಾಪ್ಟರೂ ತಿರುಗುತ್ತಲೇ ಇರುತ್ತದೆ. ಅದಲ್ಲದೆ ಆ ವಾದ ನಿಜವಾಗಿದ್ದರೆ ಟೋಕಿಯೊದಿಂದ ಬರುವ ಪ್ರಯಾಣ ಬೇಗ ಮುಗಿಯಬೇಕಿತ್ತು. ನಿಜವಾಗಿ ನಡೆಯುವುದು ಅದಕ್ಕೆ ವಿರುದ್ಧವಾದದ್ದು.

ಭೂಮಿಯ ತಿರುಗುವಿಕೆಯನ್ನು ಇಲ್ಲಿಗೆ ಬದಿಗಿಡೋಣ. ಅದು ಬೇರೊಂದು ಬಾಗಿಲಿನಿಂದ ಮತ್ತೆ ಒಳಗೆ ಬರಲಿದೆ.

ಈಗ ದೂರದ ಮಾತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ಊರುಗಳನ್ನು ನಕ್ಷೆಯ ಮೇಲೆ ಗೆರೆಯೆಳೆದು ಕೂಡಿಸಿದರೆ ಓರೆಯಾದ ಒಂದು ಚತುರ್ಭುಜವಾಗುತ್ತದೆ. ಅದರ ಬಾಹುಗಳು ಅದೇ ಕ್ರಮದಲ್ಲಿ ಸುಮಾರು ೩೯, ೩೯, ೨೯ ಮತ್ತು ೩೨ ಕಿಲೋಮೀಟರು. ನೆಲದ ಮೇಲಿನ ದಾರಿ ಇದಕ್ಕಿಂತ ಉದ್ದ. ಹಿರಿಯೂರಿಗೂ ಹೊಸದುರ್ಗಕ್ಕೂ ನಡುವೆ ಗುಡ್ಡಗಳಿವೆ, ೧೯೦೭ರಲ್ಲಿ ಪೂರ್ತಿಯಾದ ವಾಣಿವಿಲಾಸ ಸಾಗರದ ಹಿನ್ನೀರಿದೆ. ರಸ್ತೆ ಬಳಸಿಕೊಂಡೇ ಹೋಗಬೇಕು. ವಿಮಾನಕ್ಕೆ ಈ ತೊಡಕಿಲ್ಲ. ಗಂಟೆಗೆ ೮೮೦ ಕಿಲೋಮೀಟರು ವೇಗದ ಜೆಟ್ ವಿಮಾನ ನಾಲ್ಕೂ ಊರುಗಳನ್ನು ಸುತ್ತಿ ಬರುವುದಕ್ಕೆ ಒಂಬತ್ತೂವರೆ ನಿಮಿಷ ಸಾಕು.

ಇಷ್ಟು ಚಿಕ್ಕ ಸೀಮೆಯಲ್ಲಿ ಭೂಮಿ ಗುಂಡಗಿದೆ ಎಂಬುದನ್ನು ಮರೆತರೂ ನಡೆಯುತ್ತದೆ. ಟೋಕಿಯೊಗೆ ಹೊರಟವನು ಮರೆಯುವಂತಿಲ್ಲ. ಗೋಡೆಯ ಮೇಲಿನ ಭೂಪಟದಲ್ಲಿ ಬೆಂಗಳೂರಿಗೂ ಟೋಕಿಯೊಗೂ ಅಡಿಕೋಲಿಟ್ಟು ಗೆರೆಯೆಳೆದರೆ ಅದು ಅತಿ ಹತ್ತಿರದ ದಾರಿಯಲ್ಲ. ಶಾಲೆಯಲ್ಲಿರುವ ಗೋಳವನ್ನು ತೆಗೆದುಕೊಂಡು ಎರಡು ಊರುಗಳ ನಡುವೆ ಒಂದು ನೂಲನ್ನು ಬಿಗಿಯಾಗಿ ಹಿಡಿಯಿರಿ. ನೂಲು ಕುಳಿತ ಹಾದಿಯೇ ಅತಿ ಹತ್ತಿರದ್ದು. ಅದು ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ಮಹಾವೃತ್ತದ ಒಂದು ತುಂಡು. ಬೆಂಗಳೂರನ್ನು ಬಿಡುವಾಗ ನೂಲು ಉತ್ತರದಿಂದ ಪೂರ್ವಕ್ಕೆ ೫೬ ಡಿಗ್ರಿ ಕೋನದಲ್ಲಿ, ಅಂದರೆ ಈಶಾನ್ಯಕ್ಕಿಂತ ಸ್ವಲ್ಪ ಪೂರ್ವಕ್ಕೆ ಹೊರಡುತ್ತದೆ; ಬಂಗಾಳ ಕೊಲ್ಲಿ, ಚಟ್ಟಗ್ರಾಮದ ತೀರ, ಮ್ಯಾನ್ಮಾರಿನ ಉತ್ತರ ಭಾಗ, ದಕ್ಷಿಣ ಚೀನಾಗಳನ್ನು ದಾಟುತ್ತ ಬಲಕ್ಕೆ ಬಾಗುತ್ತ ಹೋಗಿ, ಟೋಕಿಯೊವನ್ನು ತಲಪುವ ವೇಳೆಗೆ ೮೫ ಡಿಗ್ರಿಯಲ್ಲಿ, ಹೆಚ್ಚುಕಡಮೆ ನೇರ ಪೂರ್ವಕ್ಕೆ ಮುಖಮಾಡಿರುತ್ತದೆ. ಈ ಹಾದಿಯ ಉದ್ದ ಸುಮಾರು ೬,೭೦೦ ಕಿಲೋಮೀಟರು. ದಿಕ್ಸೂಚಿಯ ಒಂದೇ ಕೋನವನ್ನು ಕೊನೆಯವರೆಗೂ ಹಿಡಿದು ಹೋದರೆ, ಅಂದರೆ ನಾವಿಕರ ಭೂಪಟದ ನೇರ ಗೆರೆಯಲ್ಲಿ ಹೋದರೆ, ಇನ್ನೂ ೬೫ ಕಿಲೋಮೀಟರು ಹೆಚ್ಚಾಗುತ್ತದೆ. ನಿಜವಾದ ವಿಮಾನಗಳು ಗೊತ್ತುಪಡಿಸಿದ ವಾಯುಮಾರ್ಗಗಳಲ್ಲಿ ಸಾಗಬೇಕಾದುದರಿಂದ ನೂಲಿನ ಮೇಲೆಯೇ ಹಾರುವುದಿಲ್ಲ. ಆದರೂ ಅದನ್ನು ಬಹಳ ಬಿಟ್ಟೂ ಹೋಗುವುದಿಲ್ಲ.

ದೂರ ಎರಡು ದಿಕ್ಕಿಗೂ ಒಂದೇ ಎಂದು ತಿಳಿದ ಮೇಲೆ ಉಳಿಯುವುದು ಗಾಳಿ. ಇದಕ್ಕೆ ಹೊಳೆಯ ಹೋಲಿಕೆ ಕೊಡುವುದು ವಾಡಿಕೆ. ನಮ್ಮ ವೇದಾವತಿಯಲ್ಲಿ ವರ್ಷದ ಬಹುಭಾಗ ಹರಿಗೋಲು ತೇಲುವಷ್ಟು ನೀರು ಕಾಣುವುದು ಅಪರೂಪ. ಆದುದರಿಂದ ತುಂಗಭದ್ರೆಗೇ ಹೋಗೋಣ. ನಿಂತ ನೀರಿನಲ್ಲಿ ಗಂಟೆಗೆ ೬ ಕಿಲೋಮೀಟರು ಸಾಗುವ ಹರಿಗೋಲು, ಗಂಟೆಗೆ ೨ ಕಿಲೋಮೀಟರು ಹರಿಯುವ ಹೊಳೆಯಲ್ಲಿ ೧೨ ಕಿಲೋಮೀಟರು ದೂರದ ಊರಿಗೆ ಹೋಗಿ ಬರಬೇಕು. ಹರಿವಿನೊಡನೆ ಒಂದೂವರೆ ಗಂಟೆ, ಹರಿವಿಗೆದುರಾಗಿ ಮೂರು ಗಂಟೆ, ಒಟ್ಟು ನಾಲ್ಕೂವರೆ. ಹೊಳೆ ಹರಿಯದೆ ನಿಂತಿದ್ದರೆ ನಾಲ್ಕೇ ಗಂಟೆ ಸಾಕಾಗುತ್ತಿತ್ತು. ಹೋಗುವಾಗ ಹೊಳೆ ಕೊಟ್ಟದ್ದನ್ನು ಬರುವಾಗ ಅಷ್ಟಕ್ಕಷ್ಟೇ ಕಿತ್ತುಕೊಂಡು ಸುಮ್ಮನಾಗುವುದಿಲ್ಲ, ಅರ್ಧ ಗಂಟೆಯನ್ನು ಬಡ್ಡಿಯಾಗಿಯೂ ವಸೂಲು ಮಾಡುತ್ತದೆ. ಏಕೆಂದರೆ ಎದುರು ಹರಿವಿನಲ್ಲಿ ಹರಿಗೋಲು ಹೆಚ್ಚು ಹೊತ್ತು ಇರಬೇಕಾಗುತ್ತದೆ. ಹೊಳೆಯ ವೇಗವೂ ಆರೇ ಆದರೆ ಅಂಬಿಗ ಎಂದಿಗೂ ಹಿಂದಿರುಗಲಾರ.

ವಿಮಾನಕ್ಕೂ ಇದೇ ಲೆಕ್ಕ. ಗಾಳಿಯಿಲ್ಲದಿದ್ದರೆ ೮೮೦ ಕಿಲೋಮೀಟರು ವೇಗದಲ್ಲಿ ೬,೭೦೦ ಕಿಲೋಮೀಟರಿಗೆ ೭ ಗಂಟೆ ೩೭ ನಿಮಿಷ. ದಾರಿಯುದ್ದಕ್ಕೂ ಸರಾಸರಿ ಗಂಟೆಗೆ ೧೦೦ ಕಿಲೋಮೀಟರು ವೇಗದ ಪಡುವಣ ಗಾಳಿಯಿದೆ ಎಂದು ಭಾವಿಸೋಣ. ಹೋಗುವಾಗ ನೆಲಕ್ಕೆ ಸಂಬಂಧಿಸಿದ ವೇಗ ೯೮೦. ಕಾಲ ೬ ಗಂಟೆ ೫೦ ನಿಮಿಷ. ಬರುವಾಗ ವೇಗ ೭೮೦. ಕಾಲ ೮ ಗಂಟೆ ೩೫ ನಿಮಿಷ. ಓಡುದಾರಿಗೆ ಸಾಗುವುದು, ಮೇಲೇರುವುದು, ಸರದಿಗೆ ಕಾದು ಇಳಿಯುವುದು ಇವುಗಳಿಗೆ ಒಂದು ಗಂಟೆಯನ್ನು ಸೇರಿಸಿದರೆ ವೇಳಾಪಟ್ಟಿಯ ಅಂಕಿಗಳ ಬಳಿಗೇ ಬಂದೆವು. ಹೋಗಿಬರುವ ಒಟ್ಟು ಕಾಲದಲ್ಲಿ ಗಾಳಿಯ ಬಡ್ಡಿ ಸುಮಾರು ೧೨ ನಿಮಿಷ. ಗಾಳಿಯ ವೇಗ ೧೫೦ಕ್ಕೆ ಏರಿದರೆ ಬಡ್ಡಿ ೨೭ ನಿಮಿಷ. ಗಾಳಿ ಒಂದೂವರೆಯಷ್ಟಾದರೆ ನಷ್ಟ ಎರಡೂ ಕಾಲರಷ್ಟು, ಅಂದರೆ ಅದು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಇದನ್ನು ಬೀಜಗಣಿತದಿಂದ ಸಾಧಿಸುವುದು ಕಷ್ಟವಲ್ಲ, ವಿದ್ಯಾರ್ಥಿಗಳು ಪ್ರಯತ್ನಿಸಬಹುದು.

ಈ ದಾರಿಯಲ್ಲಿ ಹಾರುವಂತಹ ದೊಡ್ಡ ವಿಮಾನ ಗಂಟೆಗೆ ಸುಮಾರು ೫ ಟನ್ ಇಂಧನವನ್ನು ಉರಿಸುತ್ತದೆ. ಹೋಗುವುದಕ್ಕಿಂತ ಬರುವುದಕ್ಕೆ ಒಂದು ಮುಕ್ಕಾಲು ಗಂಟೆ ಹೆಚ್ಚು ಬೇಕೆಂದರೆ ಎಂಟು ಒಂಬತ್ತು ಟನ್ ಇಂಧನವನ್ನು ಹೆಚ್ಚಾಗಿ ತುಂಬಿಕೊಳ್ಳಬೇಕು. ಆ ಇಂಧನಕ್ಕೂ ತೂಕವಿದೆ, ಅದನ್ನು ಹೊರಲು ಮತ್ತಷ್ಟು ಇಂಧನ ಬೇಕು. ಆದುದರಿಂದ ಮೇಲಿನ ಗಾಳಿಯ ವೇಗವನ್ನು ಮೊದಲೇ ತಿಳಿಯದೆ ಯಾವ ವೈಮಾನಿಕನೂ ಹೊರಡುವಂತಿಲ್ಲ.

ತಿಳಿಯದೆ ಹೊರಟ ಕಾಲವೂ ಒಂದಿತ್ತು. ೧೯೪೭ರ ಆಗಸ್ಟ್ ೨ರಂದು ‘ಸ್ಟಾರ್ ಡಸ್ಟ್’ ಎಂಬ ಬ್ರಿಟಿಷ್ ವಿಮಾನ ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್ ನಗರದಿಂದ ಆಂಡೀಸ್ ಪರ್ವತಗಳನ್ನು ದಾಟಿ ಪಶ್ಚಿಮಕ್ಕೆ, ಸ್ಯಾಂಟಿಯಾಗೋ ನಗರಕ್ಕೆ ಹೊರಟಿತು. ಅದರಲ್ಲಿ ಹನ್ನೊಂದು ಜನರಿದ್ದರು. ಇನ್ನು ನಾಲ್ಕು ನಿಮಿಷಗಳಲ್ಲಿ ತಲಪುವೆವೆಂದು ತಂತಿರಹಿತ ಸಂದೇಶ ಬಂದಿತು, ವಿಮಾನ ಬರಲಿಲ್ಲ. ಅರ್ಧ ಶತಮಾನದವರೆಗೂ ಅದರ ಸುಳಿವಿರಲಿಲ್ಲ. ೧೯೯೮ರಲ್ಲಿ ಪರ್ವತಾರೋಹಿಗಳು ತುಪುಂಗಾತೋ ಶಿಖರದ ಹಿಮನದಿಯಲ್ಲಿ ಅದರ ಚೂರುಗಳನ್ನು ಕಂಡರು. ನಡೆದುದನ್ನು ತಜ್ಞರು ಹೀಗೆ ಊಹಿಸಿದ್ದಾರೆ. ವಿಮಾನದವರು ಮೋಡದ ಮೇಲೆ ಹಾರುತ್ತಿದ್ದುದರಿಂದ ನೆಲ ಕಾಣುತ್ತಿರಲಿಲ್ಲ. ತಮ್ಮ ವೇಗವನ್ನೂ ಕಳೆದ ಕಾಲವನ್ನೂ ಗುಣಿಸಿ ಪರ್ವತಗಳನ್ನು ದಾಟಿದೆವೆಂದು ನಿರ್ಧರಿಸಿ ಕೆಳಗಿಳಿದರು. ಆದರೆ ಎದುರಿನಿಂದ ಬೀಸುತ್ತಿದ್ದ ಪ್ರಬಲವಾದ ಪಡುವಣ ಗಾಳಿ ಅವರ ಮುನ್ನಡೆಯನ್ನು ಬಹಳ ಕುಗ್ಗಿಸಿತ್ತು. ಪರ್ವತ ಇನ್ನೂ ಅವರ ಮುಂದೆಯೇ ಇತ್ತು. ಗುಣಾಕಾರದಲ್ಲಿ ತಪ್ಪಿರಲಿಲ್ಲ, ಗುಣಿಸಿದ ವೇಗ ಗಾಳಿಗೆ ಸಂಬಂಧಿಸಿದ್ದು, ನೆಲಕ್ಕೆ ಸಂಬಂಧಿಸಿದ್ದಲ್ಲ.

ಆ ಗಾಳಿಗೆ ಈಗ ಜೆಟ್ ಪ್ರವಾಹವೆಂದು ಹೆಸರು. ಸಾವಿರಾರು ಕಿಲೋಮೀಟರು ಉದ್ದ, ಕೆಲವು ನೂರು ಕಿಲೋಮೀಟರು ಅಗಲ, ಕೆಲವೇ ಕಿಲೋಮೀಟರು ದಪ್ಪವಿರುವ ಗಾಳಿಯ ಹೊಳೆ ಅದು. ಒಂಬತ್ತರಿಂದ ಹದಿನಾಲ್ಕು ಕಿಲೋಮೀಟರುಗಳ ಎತ್ತರದಲ್ಲಿ ಹರಿಯುತ್ತದೆ. ಅದನ್ನು ಮೊದಲು ಅಳೆದವರಲ್ಲಿ ಒಬ್ಬ ಜಪಾನಿನವನೇ. ೧೯೨೦ರ ದಶಕದಲ್ಲಿ ವಾಸಾಬುರೋ ಓಯಿಶಿ ಎಂಬ ವಿಜ್ಞಾನಿ ಟೋಕಿಯೊಗೆ ಸಮೀಪದ ತಾತೆನೋ ವೀಕ್ಷಣಾಲಯದಿಂದ ಬಲೂನುಗಳನ್ನು ಹಾರಿಸಿ, ಅವು ತೇಲಿಹೋದ ದಿಕ್ಕನ್ನೂ ವೇಗವನ್ನೂ ದೂರದರ್ಶಕ ಯಂತ್ರದಿಂದ ಹಿಂಬಾಲಿಸಿ ಗುರುತಿಸಿದ. ಚಳಿಗಾಲದಲ್ಲಿ ಒಂಬತ್ತು ಕಿಲೋಮೀಟರು ಎತ್ತರದಲ್ಲಿ ಗಾಳಿಯ ವೇಗ ಸೆಕೆಂಡಿಗೆ ೭೦ ಮೀಟರನ್ನೂ ಮೀರುವುದುಂಟೆಂದು ಕಂಡಿತು. ಗಂಟೆಗೆ ೨೫೦ ಕಿಲೋಮೀಟರು! ಜಗತ್ತಿನ ವಿಜ್ಞಾನಿಗಳೆಲ್ಲ ಓದಲೆಂಬ ಸದಾಶಯದಿಂದ ಅವನು ತನ್ನ ವರದಿಯನ್ನು ೧೯೨೬ರಲ್ಲಿ ಎಸ್ಪೆರಾಂಟೊ ಎಂಬ ಕೃತಕ ವಿಶ್ವಭಾಷೆಯಲ್ಲಿ ಅಚ್ಚುಹಾಕಿಸಿದ. ಎಲ್ಲರಿಗಾಗಿ ನಿರ್ಮಿಸಿದ ಭಾಷೆಯನ್ನು ಬಲ್ಲವರೇ ಕಡಮೆಯಾದುದರಿಂದ ಅದನ್ನು ಓದಿದವರೂ ಕಡಮೆ. ೧೯೪೪ರ ನವೆಂಬರಿನಲ್ಲಿ ಟೋಕಿಯೊ ಮೇಲೆ ಹಾರಿದ ಅಮೆರಿಕದ ಬಾಂಬರುಗಳು ಗಂಟೆಗೆ ೨೦೦ ಕಿಲೋಮೀಟರಿಗೂ ಮಿಗಿಲಾದ ಗಾಳಿಗೆ ಸಿಕ್ಕಿ ಗುರಿತಪ್ಪಿದಾಗ ಆ ಕಡೆಯವರಿಗೆ ಇದೊಂದು ಹೊಸ ಸಂಗತಿಯಾಗಿತ್ತು. ಅದೇ ಕಾಲಕ್ಕೆ ಜಪಾನಿನವರು ಇದೇ ಗಾಳಿಗೆ ಬಾಂಬು ಕಟ್ಟಿದ ಸುಮಾರು ಒಂಬತ್ತು ಸಾವಿರ ಬಲೂನುಗಳನ್ನು ತೇಲಿಬಿಟ್ಟು ಪೆಸಿಫಿಕ್ ಸಾಗರದಾಚೆಯ ಅಮೆರಿಕಕ್ಕೆ ಕಳುಹಿಸಿದರು.

ಶಾಂತಿಯ ಕಾಲದಲ್ಲಿ ಗಾಳಿಗೆ ಒಳ್ಳೆಯ ಉದ್ಯೋಗ ಸಿಕ್ಕಿತು. ೧೯೫೨ರ ನವೆಂಬರಿನಲ್ಲಿ ಪ್ಯಾನ್ ಅಮೆರಿಕನ್ ಕಂಪೆನಿಯ ವಿಮಾನವೊಂದು ಟೋಕಿಯೊದಿಂದ ಹವಾಯಿಯ ಹೊನೊಲುಲುವಿಗೆ ಜೆಟ್ ಪ್ರವಾಹವನ್ನು ಹಿಡಿದು ಹಾರಿತು. ಹದಿನೆಂಟು ಗಂಟೆಗಳ ಪ್ರಯಾಣ ಹನ್ನೊಂದೂವರೆ ಗಂಟೆಗೆ ಇಳಿಯಿತು.

ಈ ಗಾಳಿ ಹುಟ್ಟುವುದು ಹೇಗೆ? ಇಲ್ಲಿ ಭೂಮಿಯ ತಿರುಗುವಿಕೆ ಮತ್ತೆ ಪ್ರವೇಶಿಸುತ್ತದೆ. ತಿರುಗುವ ಪೀಠದ ಮೇಲೆ ಕೈಚಾಚಿ ಕುಳಿತ ವಿದ್ಯಾರ್ಥಿ ಕೈಗಳನ್ನು ಎದೆಗೆ ಎಳೆದುಕೊಂಡರೆ ಅವನ ಸುತ್ತು ಜೋರಾಗುವುದನ್ನು ಪ್ರಯೋಗಶಾಲೆಯಲ್ಲಿ ನೋಡಿರಬಹುದು. ಅಕ್ಷಕ್ಕೆ ಸಮೀಪಿಸಿದ ವಸ್ತು ಹೆಚ್ಚು ವೇಗವನ್ನು ಪಡೆಯುತ್ತದೆ. ಭೂಮಧ್ಯರೇಖೆಯ ಬಳಿ ಕಾದು ಮೇಲೆದ್ದ ಗಾಳಿ ಎತ್ತರದಲ್ಲಿ ಉತ್ತರಕ್ಕೆ ಸರಿಯುತ್ತದೆ. ಅಲ್ಲಿ ಭೂಮಿಯೊಡನೆ ತಿರುಗುತ್ತಿದ್ದಾಗ ಅದರ ವೇಗ ಗಂಟೆಗೆ ಸುಮಾರು ೧,೬೭೦ ಕಿಲೋಮೀಟರು. ೩೦ ಡಿಗ್ರಿ ಅಕ್ಷಾಂಶಕ್ಕೆ ಬಂದಾಗ ಅದು ಭೂಮಿಯ ಅಕ್ಷಕ್ಕೆ ಹತ್ತಿರವಾಗಿರುವುದರಿಂದ ವೇಗ ೧,೯೩೦ಕ್ಕೆ ಏರಬೇಕು. ಅಲ್ಲಿನ ನೆಲದ ವೇಗವೋ ೧,೪೫೦ ಮಾತ್ರ. ಹೀಗೆ ನೆಲವನ್ನು ಹಿಂದೆ ಹಾಕಿ ಗಾಳಿ ಪೂರ್ವಕ್ಕೆ ಗಂಟೆಗೆ ೪೮೦ ಕಿಲೋಮೀಟರು ವೇಗದಲ್ಲಿ ಓಡಬೇಕು. ದಾರಿಯಲ್ಲಿ ಸುಳಿಗಳೂ ಘರ್ಷಣೆಯೂ ಇದರ ಬಹುಪಾಲನ್ನು ನುಂಗಿಹಾಕಿದರೂ ೧೫೦ರಿಂದ ೩೦೦ ಕಿಲೋಮೀಟರು ಉಳಿಯುವುದು ಅಪರೂಪವಲ್ಲ. ತರಗತಿಯ ಆ ಚುರುಕು ಹುಡುಗ ಭೂಮಿಯ ತಿರುಗುವಿಕೆಯನ್ನು ಹೆಸರಿಸಿದ್ದು ಪೂರ್ತಿ ವ್ಯರ್ಥವೇನೂ ಆಗಲಿಲ್ಲ. ಅದರ ಪ್ರಭಾವ ಗಾಳಿಯ ಮೂಲಕ ಬರುತ್ತದೆ, ಅವನು ಎಣಿಸಿದ ದಿಕ್ಕಿಗೆ ವಿರುದ್ಧವಾಗಿ ಬರುತ್ತದೆ.

ಚಳಿಗಾಲದಲ್ಲಿ ಈ ಪ್ರವಾಹ ಹಿಮಾಲಯದ ದಕ್ಷಿಣ ಅಂಚಿನಿಂದ ಚೀನಾದ ಮೇಲೆ ಹಾದು ಜಪಾನಿನ ಬಳಿ ಜಗತ್ತಿನಲ್ಲಿಯೇ ಅತ್ಯಂತ ಪ್ರಬಲವಾದ ರೂಪವನ್ನು ತಾಳುತ್ತದೆ. ನಾವು ನೂಲು ಹಿಡಿದ ಹಾದಿಯ ಉತ್ತರಾರ್ಧ ಅದರ ನೆರೆಯಲ್ಲಿಯೇ ಇದೆ. ಜನವರಿಯಲ್ಲಿ ಹೋಗಿಬರುವ ಕಾಲಗಳ ಅಂತರ ಹಿಗ್ಗುವುದಕ್ಕೆ ಇದೇ ಕಾರಣ.

ಜೂನ್ ಬಂದರೆ ಚಿತ್ರವೇ ಬದಲಾಗುತ್ತದೆ. ಪಡುವಣ ಜೆಟ್ ಪ್ರವಾಹ ಬಲಗುಂದಿ ಟಿಬೆಟ್ಟಿನ ಉತ್ತರಕ್ಕೆ ಸರಿದುಬಿಡುತ್ತದೆ. ಅದರ ಬದಲು ದಕ್ಷಿಣ ಭಾರತದ ಮೇಲೆ ಇನ್ನೊಂದು ಪ್ರವಾಹ ತಲೆದೋರುತ್ತದೆ. ಅದು ಬೀಸುವುದು ಪೂರ್ವದಿಂದ ಪಶ್ಚಿಮಕ್ಕೆ. ಹದಿನಾಲ್ಕು ಹದಿನೈದು ಕಿಲೋಮೀಟರು ಎತ್ತರದಲ್ಲಿ ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕಿ ಬೀಸುವ ಈ ಮೂಡಣ ಜೆಟ್ ಪ್ರವಾಹವನ್ನು ೧೯೫೦ರ ದಶಕದಲ್ಲಿ ಗುರುತಿಸಿ ವಿವರಿಸಿದವರು ನಮ್ಮ ದೇಶದ ಹವಾಮಾನ ಶಾಸ್ತ್ರಜ್ಞ ಪಿ. ಕೋಟೇಶ್ವರಂ ಅವರು. ಬೇಸಿಗೆಯಲ್ಲಿ ಟಿಬೆಟ್ಟಿನ ಎತ್ತರದ ನೆಲ ಕಾದು, ಅದರ ಮೇಲಿನ ಗಾಳಿ ನಮ್ಮ ಭಾಗಕ್ಕಿಂತ ಬೆಚ್ಚಗಾಗುವುದು ಇದಕ್ಕೆ ಮುಖ್ಯ ಕಾರಣ. ಪ್ರಯಾಣಿಕರ ವಿಮಾನಗಳು ಹಾರುವುದು ಇದಕ್ಕಿಂತ ಕೆಲವು ಕಿಲೋಮೀಟರು ಕೆಳಗೆ. ಆದರೂ ಅದರ ಅಂಚು ಅವುಗಳನ್ನು ತಟ್ಟದೆ ಬಿಡುವುದಿಲ್ಲ. ಆದುದರಿಂದ ಜುಲೈ ತಿಂಗಳಿನಲ್ಲಿ ಬೆಂಗಳೂರನ್ನು ಬಿಟ್ಟ ಟೋಕಿಯೊ ವಿಮಾನಕ್ಕೆ ಮೊದಲಲ್ಲಿ ಎದುರುಗಾಳಿಯೇ ಸಿಕ್ಕುತ್ತದೆ. ಹೋಗಿಬರುವ ಕಾಲಗಳ ಅಂತರ ಆಗ ಕುಗ್ಗುತ್ತದೆ.

ಅದೇ ಜುಲೈನಲ್ಲಿ, ಆಷಾಢದ ದಿನಗಳಲ್ಲಿ, ನಮ್ಮ ಬೆಟ್ಟಗಳ ಮೇಲಿನ ಗಾಳಿಯಂತ್ರಗಳು ಪಡುವಣ ದಿಕ್ಕಿಗೆ ಮುಖಮಾಡಿ ಭರದಿಂದ ತಿರುಗುತ್ತಿರುತ್ತವೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಗಾಳಿ ಅದು. ಒಂದೂವರೆ ಕಿಲೋಮೀಟರು ಎತ್ತರದ ಸು‌ತ್ತಮುತ್ತ ಅದರ ಬಿರುಸು ಹೆಚ್ಚು. ಪಶ್ಚಿಮ ಘಟ್ಟಗಳಲ್ಲಿ ಮಳೆಯನ್ನು ಸುರಿಸಿ ಬರಿದಾಗಿ ಬಂದುದರಿಂದ ಹೊಳಲ್ಕೆರೆಗೆ ಅಷ್ಟಿಷ್ಟು ಕೊಟ್ಟು, ಹಿರಿಯೂರಿಗೆ ಮೋಡದ ನೆರಳನ್ನು ಮಾತ್ರ ತೋರಿಸಿ ಹೋಗುವುದು ಅದರ ಪದ್ಧತಿ. ಅಂತಹ ಒಂದು ದಿನ ಕೆಳಗಿನ ಮೋಡಗಳು ಹರಿದು ಆಕಾಶ ತೆರೆದಾಗ ಮೇಲೆ ನೋಡಬೇಕು. ಬೂದುಬಣ್ಣದ ಮೋಡಗಳು ಬೆಟ್ಟದ ಮೇಲಿಂದ ಪೂರ್ವಕ್ಕೆ ಓಡುತ್ತಿರುತ್ತವೆ. ಅವುಗಳಿಗಿಂತ ಬಹಳ ಮೇಲೆ, ಹಿಂಜಿದ ಹತ್ತಿಯ ಎಳೆಗಳಂತಹ ತೆಳುವಾದ ಬಿಳಿಯ ಮೋಡಗಳು ಕಂಡರೆ, ಅವುಗಳ ಚಲನೆಯನ್ನು ಒಂದು ಕಂಬದ ತುದಿಗೆ ಹೊಂದಿಸಿ ಹತ್ತು ನಿಮಿಷ ಗಮನಿಸಿರಿ. ಅವು ಸಾಗುತ್ತಿರುವುದು ಪಶ್ಚಿಮಕ್ಕೆ.